ಎಸ್ಟೋನಿಯಾದ ಪ್ರಾಣಿ, ಪಕ್ಷಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಟೋನಿಯಾ ಅಂದರೆ ನಮ್ಮ ಸಾಫ್ಟ್‌ವೇರ್ ಮಂದಿಗೆ ಸ್ಕೈಪ್ ಹುಟ್ಟಿದ ಊರು, ಸರ್ಕಾರಿ ಕೆಲಸವೆಲ್ಲ ಆನ್‌ಲೈನ್‌ನಲ್ಲೇ ಮುಗಿಯುವ ದೇಶ. ಅಲ್ಲಿನ ಕಾಡಿನ ಮಾತು ತೆಗೆದರೆ ಮಾತ್ರ "ಅಲ್ಲಿ ಕರಡಿ ಬೇರೆ ಇದೆಯಾ?" ಅಂತ ಹುಬ್ಬೇರಿಸುತ್ತಾರೆ. ಹಕ್ಕಿ ನೋಡುವ ಗೆಳೆಯರು, ಅಲ್ಲಿಗೆ ಓದಲು ಹೊರಟ ಹುಡುಗರು, ಅವರಿಗಿಂತ ಜಾಸ್ತಿ ಗಾಬರಿಯಲ್ಲಿರುವ ಅವರ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಇಲ್ಲಿವೆ.

ಈ ದೇಶ ಎಲ್ಲಿದೆ, ಎಷ್ಟು ದೊಡ್ಡದು?

ಬಾಲ್ಟಿಕ್ ಸಮುದ್ರದ ಪೂರ್ವ ದಡದಲ್ಲಿದೆ. ಉತ್ತರಕ್ಕೆ ಕೊಲ್ಲಿ ದಾಟಿದರೆ ಫಿನ್ಲೆಂಡ್, ಪೂರ್ವಕ್ಕೆ ರಷ್ಯಾ, ದಕ್ಷಿಣಕ್ಕೆ ಲಾಟ್ವಿಯಾ. ವಿಸ್ತೀರ್ಣ ಸುಮಾರು 45,000 ಚದರ ಕಿಲೋಮೀಟರ್, ಕರ್ನಾಟಕದ ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ಜನ ಸುಮಾರು 13 ಲಕ್ಷ. ಹೆಚ್ಚುಕಡಿಮೆ ಅರ್ಧ ನೆಲ ಕಾಡು, ಜೌಗು ಪ್ರದೇಶವೂ ಬಹಳ. ಎರಡು ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ. ಅತಿ ಎತ್ತರದ ಬೆಟ್ಟ 318 ಮೀಟರ್. ಅದನ್ನು ಬೆಟ್ಟ ಅಂದರೆ ಕೊಡಗಿನವರು ನಗುತ್ತಾರೆ.

ಒಟ್ಟು ಎಷ್ಟು ಜಾತಿಯ ಪ್ರಾಣಿಗಳಿವೆ?

ಸಸ್ತನಿಗಳು 60ಕ್ಕಿಂತ ಹೆಚ್ಚು. ಗೂಡು ಕಟ್ಟುವ ಹಕ್ಕಿಗಳು 200ಕ್ಕೂ ಹೆಚ್ಚು. ವಲಸೆ ಬರುವವು, ದಾರಿ ತಪ್ಪಿ ಬಂದವು ಎಲ್ಲ ಸೇರಿದರೆ 400ರ ಹತ್ತಿರ ಹೋಗುತ್ತದೆ. ಕಪ್ಪೆಗಳು ಮತ್ತು ಅವುಗಳ ಬಳಗದವು 11. ಹಾವು, ಹಲ್ಲಿಗಳು ಸೇರಿ ಬರೀ 5. ಕೀಟಗಳು ಮಾತ್ರ ಹತ್ತು ಸಾವಿರ ದಾಟುತ್ತವೆ.

ಹಾವು, ಹಲ್ಲಿ ಸೇರಿ ಬರೀ ಐದಾ? ನಮ್ಮ ಮನೆ ಹಿತ್ತಲಲ್ಲೇ ಅಷ್ಟಿದೆ!

ನಿಜ. ಮಲೆನಾಡಿನ ಒಂದು ತೋಟಕ್ಕೆ ಮಳೆಗಾಲದಲ್ಲಿ ಟಾರ್ಚ್ ಹಿಡಿದು ಹೋದರೆ ಎಸ್ಟೋನಿಯಾದಲ್ಲಿರುವುದಕ್ಕಿಂತ ಹೆಚ್ಚು ಬಗೆಯ ಕಪ್ಪೆಗಳ ದನಿ ಕೇಳಬಹುದು. ಇದಕ್ಕೆ ಚಳಿಯೊಂದೇ ಕಾರಣ ಅಲ್ಲ. ಹಿಮಯುಗದಲ್ಲಿ ಇಡೀ ಎಸ್ಟೋನಿಯಾ ಮಂಜುಗಡ್ಡೆಯ ಅಡಿಯಲ್ಲಿತ್ತು. ಅದು ಕರಗಿ ನೆಲ ಹೊರಬಿದ್ದು ಹದಿನೈದು ಸಾವಿರ ವರ್ಷವೂ ಆಗಿಲ್ಲ. ನಮ್ಮ ಪಶ್ಚಿಮ ಘಟ್ಟದಲ್ಲಿ ಒಂದೊಂದು ಕಣಿವೆಗೂ ತನ್ನದೇ ಕಪ್ಪೆ ಹುಟ್ಟಲು ಕೋಟಿಗಟ್ಟಲೆ ವರ್ಷ ಸಿಕ್ಕಿತ್ತು. ಎಸ್ಟೋನಿಯಾಕ್ಕೆ ಅಷ್ಟು ಸಮಯ ಸಿಕ್ಕಿಲ್ಲ. ಅಲ್ಲಿರುವ ಪ್ರಾಣಿಗಳೆಲ್ಲ ದಕ್ಷಿಣದಿಂದಲೋ ಪೂರ್ವದಿಂದಲೋ ನಡೆದು, ಈಜಿ, ಹಾರಿ ಬಂದವರ ಸಂತತಿ. ಅಲ್ಲಿ ಮಾತ್ರ ಇದ್ದು ಬೇರೆಲ್ಲೂ ಇಲ್ಲದ ಪ್ರಾಣಿ ಅಥವಾ ಹಕ್ಕಿಯನ್ನು ಹುಡುಕಿಕೊಂಡು ಹೋದರೆ ನಿರಾಸೆಯಾಗುತ್ತದೆ.

ಹಾಗಾದರೆ ಅಲ್ಲಿ ನೋಡೋಕೆ ಏನಿದೆ?

ಪಶ್ಚಿಮ ಯುರೋಪಿನ ಹಲವು ದೇಶಗಳು ಕಳೆದುಕೊಂಡದ್ದು ಇಲ್ಲಿ ಉಳಿದಿದೆ. ಬ್ರಿಟನ್ನಿನಲ್ಲಿ ಕರಡಿ, ತೋಳ, ಲಿಂಕ್ಸ್ ಅನ್ನುವ ದೊಡ್ಡ ಕಾಡುಬೆಕ್ಕು ಮೂರೂ ನೂರಾರು ವರ್ಷಗಳ ಹಿಂದೆಯೇ ಕಾಡಿನಿಂದ ಮಾಯವಾದವು. ಎಸ್ಟೋನಿಯಾದಲ್ಲಿ ಮೂರೂ ಇವೆ. ಅವು ತಿನ್ನುವ ಮೂಸ್ ಅನ್ನುವ ಭಾರೀ ಜಿಂಕೆ, ಚಿಕ್ಕ ರೋ ಜಿಂಕೆ, ಕಾಡುಹಂದಿಗಳಿವೆ. ತೊರೆಗೆ ಅಡ್ಡಲಾಗಿ ಮರ ಜೋಡಿಸಿ ಅಣೆಕಟ್ಟು ಕಟ್ಟುವ ಬೀವರ್ ಇದೆ. ನೀರುನಾಯಿ ಇದೆ. ಪಟ್ಟಿ ಚಿಕ್ಕದು, ಆದರೆ ಮೇಲಿನಿಂದ ಕೆಳಗಿನವರೆಗೆ ಕೊಂಡಿ ಕಳಚಿಲ್ಲ. ನನಗೆ ಇಷ್ಟವಾಗುವುದು ಇದೇ.

ಇದು ಉಳಿದದ್ದು ಅರ್ಧ ಅದೃಷ್ಟದಿಂದ. ಎಸ್ಟೋನಿಯಾ ಸೋವಿಯತ್ ಒಕ್ಕೂಟದ ಕೈಯಲ್ಲಿದ್ದ ಕಾಲದಲ್ಲಿ ಜನರ ಹೊಲ ಕಿತ್ತುಕೊಂಡು ಸಾಮೂಹಿಕ ಕೃಷಿ ಮಾಡಿದರು. ಸಾವಿರಾರು ಜನರನ್ನು ಸೈಬೀರಿಯಾಕ್ಕೆ ಗಡೀಪಾರು ಮಾಡಿದರು. ಪಾಳುಬಿದ್ದ ಹೊಲ, ಹುಲ್ಲುಗಾವಲುಗಳಲ್ಲಿ ಕಾಡು ಬೆಳೆಯಿತು. ಕರಾವಳಿ ಗಡಿ ಪ್ರದೇಶವಾದ್ದರಿಂದ ಸಾಮಾನ್ಯರು ಸಮುದ್ರದ ದಡಕ್ಕೆ ಹೋಗಲೂ ಅನುಮತಿ ಬೇಕಿತ್ತು. ಹಾಗಾಗಿ ರೆಸಾರ್ಟ್, ಬಂಗಲೆ ಏಳಲಿಲ್ಲ. ಜನ ಕಣ್ಣೀರಿಟ್ಟ ಕಾಲ ಪ್ರಾಣಿಗಳಿಗೆ ಅನುಕೂಲವಾಯಿತು ಅಂತ ಬರೆಯಲು ಕೈ ನಡುಗುತ್ತದೆ, ಆದರೂ ನಡೆದದ್ದು ಹೀಗೆ.

ಇನ್ನರ್ಧ ಜನರ ಹಟ. ವಿಲ್ಸಂದಿ ದ್ವೀಪದ ದೀಪಸ್ತಂಭ ಕಾಯುತ್ತಿದ್ದ ಆರ್ಟುರ್ ತೋಮ್ ಅನ್ನುವವರು ಪಕ್ಕದ ವೈಕಾ ಬಂಡೆ ದ್ವೀಪಗಳನ್ನು ಹಕ್ಕಿಗಳಿಗಾಗಿಯೇ ಗುತ್ತಿಗೆ ಹಿಡಿದರು. ಮೊಟ್ಟೆ ಕದಿಯುವವರನ್ನು ಓಡಿಸುತ್ತಿದ್ದರು. 1910ರಲ್ಲಿ ಅದು ಬಾಲ್ಟಿಕ್ ಪ್ರದೇಶದ ಮೊದಲ ರಕ್ಷಿತ ತಾಣವಾಯಿತು. 1971ರಲ್ಲಿ ಆದ ಲಹೆಮಾ, ಇಡೀ ಸೋವಿಯತ್ ಒಕ್ಕೂಟದ ಮೊದಲ ರಾಷ್ಟ್ರೀಯ ಉದ್ಯಾನ.

ಕರಡಿ ಎಷ್ಟಿವೆ? ದಾರಿಯಲ್ಲಿ ಎದುರಾಗುತ್ತವಾ?

ಸಾವಿರದ ಆಸುಪಾಸು ಕಂದು ಕರಡಿಗಳಿವೆ. ಅಷ್ಟು ಚಿಕ್ಕ ದೇಶಕ್ಕೆ ಇದು ಬಹಳ. ಈಶಾನ್ಯದ ಅಲುತಗುಸೆ ಕಾಡುಗಳಲ್ಲಿ ಜಾಸ್ತಿ. ಆದರೆ ಎದುರಾಗುವುದು ಅಪರೂಪ, ಮನುಷ್ಯರ ವಾಸನೆ ಬಂದರೆ ತಾವೇ ಸರಿದುಹೋಗುತ್ತವೆ. ಮರಿಗಳ ಜೊತೆ ಇರುವ ತಾಯಿಯ ಹತ್ತಿರ ಮಾತ್ರ ಸುಳಿಯಬಾರದು. ಈ ಮಾತು ದರೋಜಿಯ ನಮ್ಮ ಕರಡಿಗೂ ಅನ್ವಯಿಸುತ್ತದೆ.

ದರೋಜಿಯ ಕರಡಿಗೆ ವರ್ಷವಿಡೀ ಗೆದ್ದಲು, ಹಣ್ಣು ಸಿಗುತ್ತದೆ, ಹಾಗಾಗಿ ಚಳಿಗಾಲದಲ್ಲಿ ಮಲಗುವ ಅಗತ್ಯವಿಲ್ಲ. ಅಲ್ಲಿನದು ತಿಂಗಳುಗಟ್ಟಲೆ ಮಲಗುತ್ತದೆ. ಅದೂ ಗುಹೆಯಲ್ಲಲ್ಲ, ಎಸ್ಟೋನಿಯಾದಲ್ಲಿ ಅಂಥ ಗುಹೆಗಳು ಎಲ್ಲಿವೆ? ಉರುಳಿದ ಮರದ ಬುಡದಲ್ಲಿ, ಸ್ಪ್ರೂಸ್ ಗಿಡಗಳ ದಟ್ಟಣೆಯಲ್ಲಿ ಹಾಸಿಗೆ ಮಾಡಿಕೊಳ್ಳುತ್ತದೆ. ಹೊರಗೆ ಹಿಮ ಬೀಳುತ್ತಿರುವಾಗ, ಜನವರಿ ಹೊತ್ತಿಗೆ, ಅಲ್ಲೇ ಮರಿ ಹಾಕುತ್ತದೆ. ಹುಟ್ಟಿದಾಗ ಮರಿ ಅರ್ಧ ಕಿಲೋ ತೂಗಿದರೆ ಹೆಚ್ಚು.

ಕರಡಿಯ ಕಾಟ ಮುಖ್ಯವಾಗಿ ಜೇನು ಸಾಕುವವರಿಗೆ. ಎಸ್ಟೋನಿಯನ್ ಭಾಷೆಯಲ್ಲಿ ಕರಡಿಗೆ "ಮೆಸಿಕಾಪ್" ಅಂತ ಅಡ್ಡಹೆಸರು, ಅಂದರೆ ಜೇನು ಪಂಜ. ಹೆಸರು ಮುದ್ದಾಗಿದೆ, ಪೆಟ್ಟಿಗೆ ಒಡೆಸಿಕೊಂಡವನಿಗಷ್ಟೇ ಗೊತ್ತು.

ಅಲ್ಲಿನ ರಾಷ್ಟ್ರಪ್ರಾಣಿ ಯಾವುದು?

ತೋಳ. 2018ರಲ್ಲಿ ಆಯ್ಕೆಯಾಯಿತು. ರಾಷ್ಟ್ರಪಕ್ಷಿ ಕವಲು ಬಾಲದ ಸ್ವಾಲೋ, ರಾಷ್ಟ್ರೀಯ ಮೀನು ಬಾಲ್ಟಿಕ್ ಹೆರಿಂಗ್, ರಾಷ್ಟ್ರೀಯ ಚಿಟ್ಟೆ ಹಳದಿ ಬಣ್ಣದ ಸ್ವಾಲೋಟೇಲ್.

ತೋಳದ ಕತೆ ವಿಚಿತ್ರ. ಗೌರವವೂ ಇದೆ, ಬೇಟೆಯೂ ಇದೆ. ರಾಷ್ಟ್ರಪ್ರಾಣಿಯಾದ ಮೇಲೂ ಪ್ರತಿ ಚಳಿಗಾಲ ಇಂತಿಷ್ಟು ಅಂತ ಲೆಕ್ಕ ಹಾಕಿ ಬೇಟೆಗೆ ಅನುಮತಿ ಕೊಡುತ್ತಾರೆ. ಕುರಿ ಕಳೆದುಕೊಂಡ ರೈತರಿಗೆ ಸರ್ಕಾರ ಪರಿಹಾರವನ್ನೂ ಕೊಡುತ್ತದೆ. ಸಾರೆಮಾ ದ್ವೀಪದ ಕುರಿ ಸಾಕುವವರ ಮುಂದೆ ತೋಳವನ್ನು ಹೊಗಳಬೇಡಿ.

ಹಿಂದಿನ ಕಾಲದಲ್ಲಿ ಅಲ್ಲಿ ತೋಳದ ಹೆಸರು ಹೇಳಿದರೆ ಅದು ಬಂದೇಬಿಡುತ್ತದೆ ಅನ್ನುವ ನಂಬಿಕೆ ಇತ್ತು. ಅದಕ್ಕೇ "ಕಾಡಿನ ನಾಯಿಮರಿ", "ಬೂದು ಕೋಟಿನವನು", "ಪೊದೆಯ ವಿಲ್ಲೆಮ್" ಅಂತೆಲ್ಲ ಕರೆಯುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ರಾತ್ರಿ ಹೊತ್ತು "ಹಾವು" ಅನ್ನಬಾರದು, "ಹುಳ" ಅನ್ನಬೇಕು ಅಂತ ಅಜ್ಜಿಯರು ಗದರಿಸುತ್ತಿದ್ದರಲ್ವಾ? ಅದೇ ಭಯ, ಅದೇ ಜಾಣತನ.

ಲಿಂಕ್ಸ್ ಕಾಣಿಸುತ್ತದಾ?

ಇಲ್ಲ ಅಂದುಕೊಂಡೇ ಹೋಗಿ. ಕಾಡಿನಲ್ಲೇ ಜೀವನ ಕಳೆದವರಿಗೂ ಕಾಣುವುದು ಅಪರೂಪ. ಕಿವಿ ತುದಿಯಲ್ಲಿ ಕಪ್ಪು ಕುಚ್ಚು, ಮೋಟು ಬಾಲ, ಹಿಮದ ಮೇಲೆ ಹೂತುಹೋಗದ ಅಗಲ ಪಾದದ ಬೆಕ್ಕು ಇದು. ಮುಖ್ಯ ಊಟ ರೋ ಜಿಂಕೆ. 2010ರ ಆಸುಪಾಸಿನ ಎರಡು ಚಳಿಗಾಲಗಳಲ್ಲಿ ಹಿಮ ವಿಪರೀತ ಬಿದ್ದು ರೋ ಜಿಂಕೆಗಳು ಗುಂಪುಗುಂಪಾಗಿ ಸತ್ತವು. ಅದರ ಹಿಂದೆಯೇ ಲಿಂಕ್ಸ್ ಸಂಖ್ಯೆಯೂ ಕುಸಿಯಿತು. ಆಮೇಲೆ ಕೆಲವು ವರ್ಷ ಲಿಂಕ್ಸ್ ಬೇಟೆಯನ್ನೇ ನಿಲ್ಲಿಸಿದರು, ನಿಧಾನವಾಗಿ ಚೇತರಿಸಿಕೊಂಡಿತು.

ಹಾರುವ ಅಳಿಲು ಇದೆಯಂತೆ, ಹೌದಾ?

ಹೌದು, ಆದರೆ ಈಶಾನ್ಯ ಮೂಲೆಯ ವಿರುಮಾ ಕಾಡುಗಳಲ್ಲಿ ಮಾತ್ರ, ಅದೂ ಕೆಲವೇ ಕೆಲವು. ನಮ್ಮ ಘಟ್ಟದ ಹಾರುಬೆಕ್ಕನ್ನು ನೋಡಿದವರಿಗೆ ಇದು ಆಟಿಕೆಯ ಹಾಗೆ ಕಾಣುತ್ತದೆ. ಅಂಗೈಯಲ್ಲಿ ಕೂರುವಷ್ಟು ಗಾತ್ರ, ಬೂದು ಬಣ್ಣ, ಮುಖದ ತುಂಬ ಕಪ್ಪು ಕಣ್ಣು. ಮರಕುಟಿಗ ಕೊರೆದು ಬಿಟ್ಟ ಹಳೆಯ ಆಸ್ಪೆನ್ ಮರದ ಪೊಟರೆ ಇದಕ್ಕೆ ಬೇಕೇ ಬೇಕು. ರಾತ್ರಿ ಓಡಾಡುವ ಈ ಪ್ರಾಣಿಯನ್ನು ನೋಡಿ ಎಣಿಸುವುದು ಆಗದ ಕೆಲಸ. ಸಂಶೋಧಕರು ವಸಂತಕಾಲದಲ್ಲಿ ಆಸ್ಪೆನ್ ಮರದ ಬುಡದಲ್ಲಿ ಮಂಡಿಯೂರಿ ಕೂತು ಹಳದಿ ಹಿಕ್ಕೆ ಹುಡುಕುತ್ತಾರೆ. ಅಕ್ಕಿ ಕಾಳಿನಂಥ ಹಿಕ್ಕೆ ಸಿಕ್ಕರೆ ಆ ದಿನ ಹಬ್ಬ.

ಮಿಂಕ್‌ನ ಕತೆ ಏನು? ಎಲ್ಲ ಕಡೆ ಅದನ್ನೇ ಹೇಳುತ್ತಾರೆ.

ಹೇಳುವಂಥ ಕತೆಯೇ. ಯುರೋಪಿಯನ್ ಮಿಂಕ್ ನೀರುನಾಯಿಯ ದೂರದ ನೆಂಟ. ಮುಂಗುಸಿಯ ಮೈಕಟ್ಟು, ಗಾಢ ಕಂದು ಬಣ್ಣ, ಮೇಲ್ತುಟಿ ಕೆಳತುಟಿ ಎರಡಕ್ಕೂ ಬಿಳಿ ಅಂಚು, ಹಾಲು ಕುಡಿದು ಬಾಯಿ ಒರೆಸಿಕೊಳ್ಳದ ಮಗುವಿನ ಹಾಗೆ. ಹೊಳೆ, ತೊರೆಗಳ ದಡದಲ್ಲಿ ಕಪ್ಪೆ, ಮೀನು ತಿಂದುಕೊಂಡು ಇರುತ್ತಿತ್ತು.

ತುಪ್ಪಳಕ್ಕಾಗಿ ಅಮೆರಿಕನ್ ಮಿಂಕ್ ಸಾಕುವ ಫಾರ್ಮ್‌ಗಳು ಬಂದವು. ಅಲ್ಲಿಂದ ತಪ್ಪಿಸಿಕೊಂಡವು ಕಾಡು ಸೇರಿದವು. ಅಮೆರಿಕನ್ ಮಿಂಕ್ ಮೈಯಲ್ಲಿ ದೊಡ್ಡದು, ಜಗಳಗಂಟ, ಏನು ಕೊಟ್ಟರೂ ತಿನ್ನುತ್ತದೆ. ಸ್ಥಳೀಯ ಮಿಂಕ್ ಜಾಗ ಬಿಟ್ಟುಕೊಡುತ್ತಾ ಹೋಯಿತು. 1990ರ ದಶಕದಲ್ಲಿ ಎಸ್ಟೋನಿಯಾದ ಮುಖ್ಯ ಭೂಭಾಗದಿಂದ ಅದು ಇಲ್ಲವಾಯಿತು. ಇಡೀ ಯುರೋಪಿನಲ್ಲೂ ಅಳಿವಿನ ಅಂಚಿಗೆ ಬಂತು.

ಅಷ್ಟರಲ್ಲಿ ರಾಜಧಾನಿ ಟಾಲಿನ್‌ನ ಮೃಗಾಲಯದವರು ಅದನ್ನು ಪಂಜರದಲ್ಲಿ ಮರಿ ಮಾಡಿಸಲು ಕಲಿತಿದ್ದರು. ಜೀವಶಾಸ್ತ್ರಜ್ಞ ತೀತ್ ಮರಾನ್ ಈ ಕೆಲಸದ ಮುಂದಾಳು. ಮರಿಗಳೇನೋ ಆದವು, ಬಿಡುವುದು ಎಲ್ಲಿ? ಎಲ್ಲಿ ಬಿಟ್ಟರೂ ಅಮೆರಿಕದವನು ಕಾಯುತ್ತಿದ್ದಾನೆ. ಅದಕ್ಕೆ ಹೀಯುಮಾ ದ್ವೀಪವನ್ನು ಆರಿಸಿದರು. ಸುತ್ತ ಸಮುದ್ರ, ಒಳಗೆ ಹೊಳೆ. ಮೊದಲು ದ್ವೀಪದಲ್ಲಿದ್ದ ಅಮೆರಿಕನ್ ಮಿಂಕ್‌ಗಳನ್ನೆಲ್ಲ ಹಿಡಿದು ಖಾಲಿ ಮಾಡಿದರು. 2000ನೇ ಇಸವಿಯಿಂದ ಮೃಗಾಲಯದ ಮಿಂಕ್‌ಗಳನ್ನು ಬಿಡತೊಡಗಿದರು. ಪಂಜರದಲ್ಲಿ ಹುಟ್ಟಿದವಕ್ಕೆ ಕೆಂಪು ನರಿ, ನಾಯಿ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ, ಬಹಳಷ್ಟು ಸತ್ತವು. ಮತ್ತೆ ಬಿಟ್ಟರು. ವರ್ಷಗಟ್ಟಲೆ ಬಿಡುತ್ತಲೇ ಹೋದರು. ಈಗ ಅಲ್ಲಿನ ಹೊಳೆಗಳಲ್ಲಿ ಮಿಂಕ್‌ಗಳು ತಾವೇ ಮರಿ ಹಾಕಿ ಬದುಕುತ್ತಿವೆ.

ಬೀವರ್ ಕೂಡ ಹೀಗೇ ವಾಪಸ್ ಬಂದದ್ದು. 19ನೇ ಶತಮಾನದಲ್ಲಿ ಬೇಟೆಯಿಂದ ಪೂರ್ತಿ ಅಳಿದಿತ್ತು. 1957ರಲ್ಲಿ ಬೆಲಾರಸ್‌ನಿಂದ ಕೆಲವನ್ನು ತಂದು ಬಿಟ್ಟರು. ಈಗ ಎಷ್ಟಾಗಿವೆ ಅಂದರೆ, ರೈತರು "ಸಾಕಪ್ಪಾ, ಹೊಲಕ್ಕೆ ನೀರು ನುಗ್ಗಿಸುತ್ತಿವೆ" ಅನ್ನುತ್ತಾರೆ.

ನಮ್ಮಲ್ಲಿರುವ ಯಾವುದಾದರೂ ಪ್ರಾಣಿ ಅಲ್ಲೂ ಇದೆಯಾ?

ನರಿ! ಉತ್ತರ ಕರ್ನಾಟಕದ ಕಬ್ಬಿನ ಗದ್ದೆ, ಕುರುಚಲು ಕಾಡಿನಲ್ಲಿ ಸಂಜೆ ಊಳಿಡುವ ಅದೇ ಜಾತಿಯ ನರಿ, ಇಂಗ್ಲಿಷಿನಲ್ಲಿ ಜಕಾಲ್ ಅನ್ನುತ್ತಾರಲ್ಲ ಅದು. ಯಾರೂ ತಂದು ಬಿಟ್ಟದ್ದಲ್ಲ. ಯುರೋಪಿನ ಆಗ್ನೇಯ ಭಾಗದಿಂದ ತಾನೇ ಉತ್ತರಕ್ಕೆ ಹರಡುತ್ತಾ ಬಂದು, 2013ರಲ್ಲಿ ಎಸ್ಟೋನಿಯಾದ ಪಶ್ಚಿಮ ಕರಾವಳಿಯಲ್ಲಿ ಖಚಿತವಾಗಿ ಪತ್ತೆಯಾಯಿತು. ಅಲ್ಲಿಯವರು ಅದುವರೆಗೆ ಕೆಂಪು ನರಿಯನ್ನು ಮಾತ್ರ ಕಂಡಿದ್ದವರು. ಈಗ ಕುರಿಮರಿಗಳ ಮೇಲೂ ಬೀಳುತ್ತದೆ ಅಂತ ದೂರು. ಚಳಿಗಾಲ ಬೆಚ್ಚಗಾಗುತ್ತಿರುವುದು ಅದರ ದಾರಿಯನ್ನು ಸುಲಭ ಮಾಡಿದೆ.

ತೋಳವೂ ಒಂದೇ ಜಾತಿ. ಕೊಪ್ಪಳದ ಬಯಲಿನ ನಮ್ಮ ತೋಳ ಸಣಕಲು, ತೆಳು ತುಪ್ಪಳದ್ದು. ಅಲ್ಲಿನದು ದಪ್ಪ ಕಂಬಳಿ ಹೊದ್ದ ದೊಡ್ಡಣ್ಣ.

ಹಾವಿನ ಭಯ?

ವಿಷದ ಹಾವು ಒಂದೇ, ಆಡರ್ ಅನ್ನುವ ಮಂಡಲದ ಬಳಗದ್ದು. ಕಚ್ಚಿದರೆ ಆಸ್ಪತ್ರೆಗೆ ಹೋಗಲೇಬೇಕು, ಆದರೆ ಸಾವು ತೀರಾ ಅಪರೂಪ.

ಕಪ್ಪೆಗಳಲ್ಲಿ ವಿಶೇಷ ಏನಾದರೂ?

ನ್ಯಾಟರ್‌ಜ್ಯಾಕ್ ಅನ್ನುವ ನೆಲಗಪ್ಪೆ. ಬೆನ್ನ ಮೇಲೆ ಹಳದಿ ಗೆರೆ. ಕುಪ್ಪಳಿಸುವುದಕ್ಕಿಂತ ಇಲಿಯ ಹಾಗೆ ಓಡುವುದೇ ಜಾಸ್ತಿ. ಇದಕ್ಕೆ ಗಿಡ್ಡ ಹುಲ್ಲಿನ ಕರಾವಳಿ ಬಯಲು, ಬಿಸಿಲಿಗೆ ಬೆಚ್ಚಗಾಗುವ ಆಳವಿಲ್ಲದ ಗುಂಡಿ ಬೇಕು. ದನ ಮೇಯಿಸುವುದು ನಿಂತಾಗ ಹುಲ್ಲು, ಜೊಂಡು ಎತ್ತರಕ್ಕೆ ಬೆಳೆದು ಕಪ್ಪೆ ಹೋಯಿತು. ಈಗ ಕಪ್ಪೆ ಉಳಿಸಲು ಮತ್ತೆ ದನ ಬಿಡುತ್ತಿದ್ದಾರೆ. ದನ ಮೇಯಿಸಿದರೆ ಕಾಡು ಹಾಳು ಅನ್ನುವುದನ್ನೇ ಕೇಳಿ ಬೆಳೆದ ನಮಗೆ ಇದು ತಲೆಕೆಳಗಾದ ಲೆಕ್ಕ.

ಸಮುದ್ರದಲ್ಲಿ ಏನಿದೆ?

ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ತೀರಾ ಕಡಿಮೆ. ಹಾಗಾಗಿ ಒಂದೇ ಬಲೆಗೆ ಕಡಲ ಹೆರಿಂಗ್ ಮತ್ತು ಹೊಳೆಯ ಪರ್ಚ್, ಪೈಕ್ ಎರಡೂ ಬೀಳಬಹುದು. ಮಂಗಳೂರಿನ ಮೀನುಗಾರರಿಗೆ ಹೇಳಿದರೆ ನಂಬಲಿಕ್ಕಿಲ್ಲ.

ಸೀಲ್‌ಗಳು ಎರಡು ಬಗೆ. ಬೂದು ಸೀಲ್ ಮಂಜುಗಡ್ಡೆ ಇಲ್ಲದಿದ್ದರೆ ಬಂಡೆ ದ್ವೀಪದ ಮೇಲಾದರೂ ಮರಿ ಹಾಕುತ್ತದೆ. ಉಂಗುರ ಸೀಲ್‌ಗೆ ಅದು ಆಗದು. ಹೆಪ್ಪುಗಟ್ಟಿದ ಸಮುದ್ರದ ಮೇಲೆ, ಹಿಮದೊಳಗೆ ಗೂಡು ಮಾಡಿ ಮರಿ ಸಾಕುವುದು ಅದರ ರೂಢಿ. ಸಮುದ್ರ ಸರಿಯಾಗಿ ಹೆಪ್ಪುಗಟ್ಟದ ವರ್ಷಗಳು ಹೆಚ್ಚಾಗುತ್ತಿವೆ. ಅಲ್ಲಿನ ಪ್ರಾಣಿಗಳಲ್ಲಿ ನನಗೆ ಹೆಚ್ಚು ಚಿಂತೆಯಾಗುವುದು ಇದರ ಬಗ್ಗೆಯೇ.

ಹಕ್ಕಿಗಳ ಬಗ್ಗೆ ಹೇಳಿ. ನಮಗೆ ಅದೇ ಬೇಕಾದ್ದು.

ಮತ್ಸಾಲು ಕೊಲ್ಲಿಯಿಂದ ಶುರು ಮಾಡೋಣ. ಆರ್ಕ್ಟಿಕ್‌ಗೆ ಹೊರಟ ಹಕ್ಕಿಗಳಿಗೆ ಇದು ದಾರಿಯ ಛತ್ರ. ಏಪ್ರಿಲ್, ಮೇ ತಿಂಗಳಲ್ಲಿ ಬಾತು, ಹೆಬ್ಬಾತು, ಹಂಸಗಳು ಹುಲ್ಲುಗಾವಲು ಕಾಣದಷ್ಟು ಇಳಿಯುತ್ತವೆ. ಶರತ್ಕಾಲದಲ್ಲಿ ಸಾವಿರಾರು ಕ್ರೇನ್ ಹಕ್ಕಿಗಳು ಸೇರುತ್ತವೆ. 1957ರಿಂದ ರಕ್ಷಿತ ಪ್ರದೇಶ, 2004ರಿಂದ ರಾಷ್ಟ್ರೀಯ ಉದ್ಯಾನ.

ಬಿಳಿ ಕೊಕ್ಕರೆ ಅಲ್ಲಿ ಹೊಸಬ. 1841ರಲ್ಲಿ ಮೊದಲ ಗೂಡು ಕಂಡದ್ದು, ಈಗ ಊರೂರಿನ ವಿದ್ಯುತ್ ಕಂಬದ ಮೇಲೂ ಗೂಡು. ಕಾಡಿನೊಳಗೆ ನಾಚಿಕೊಂಡಿರುವ ಕರಿ ಕೊಕ್ಕರೆಯ ಗತಿ ಮಾತ್ರ ಉಲ್ಟಾ, ನೂರು ಜೋಡಿಯೂ ಉಳಿದಿಲ್ಲ. ಸ್ವಾಲೋವನ್ನು ಕೊಂದರೆ ಕಣ್ಣು ಕುರುಡಾಗುತ್ತದೆ ಅನ್ನುವ ನಂಬಿಕೆ ಹಳ್ಳಿಗಳಲ್ಲಿತ್ತು. ಕೊಟ್ಟಿಗೆಯೊಳಗೆ ಗೂಡು ಕಟ್ಟಿದರೂ ಯಾರೂ ಓಡಿಸುತ್ತಿರಲಿಲ್ಲ.

ಅಲ್ಲಿನ ಹಕ್ಕಿಗಳು ಕರ್ನಾಟಕಕ್ಕೂ ಬರುತ್ತವಾ?

ನನಗೆ ಬಲು ಇಷ್ಟದ ಪ್ರಶ್ನೆ. ಎಸ್ಟೋನಿಯಾದ ಹೆಚ್ಚಿನ ವಲಸೆ ಹಕ್ಕಿಗಳು ಚಳಿಗಾಲಕ್ಕೆ ಆಫ್ರಿಕಾಕ್ಕೋ ಪಶ್ಚಿಮ ಯುರೋಪಿಗೋ ಹೋಗುತ್ತವೆ. ಸ್ವಾಲೋ ಆಫ್ರಿಕಾದ ದಕ್ಷಿಣದವರೆಗೂ ಹಾರುತ್ತದೆ. ಆದರೆ ಕೆಲವು ಜಾತಿಗಳು ಪಕ್ಕದ ಮನೆಯವರ ದಾರಿ ಹಿಡಿಯದೆ ಪೂರ್ವ ದಕ್ಷಿಣಕ್ಕೆ ತಿರುಗಿ ನಮ್ಮ ಕಡೆ ಬರುತ್ತವೆ. ಅವುಗಳ ಮೂಲ ಪೂರ್ವದಲ್ಲಿ, ಪಶ್ಚಿಮಕ್ಕೆ ಹರಡಿ ಎಸ್ಟೋನಿಯಾ ಮುಟ್ಟಿದ್ದು ಆಮೇಲೆ. ಮನೆ ಬದಲಾಯಿತು, ಚಳಿಗಾಲದ ಊರು ಬದಲಾಗಲಿಲ್ಲ.

ಬ್ಲೈತ್‌ನ ಜೊಂಡು ಉಲಿಯಕ್ಕಿ ಅಂಥದ್ದು. ಹೆಸರು ಗೊತ್ತಿಲ್ಲದಿದ್ದರೂ ದನಿ ನೀವು ಕೇಳಿಯೇ ಇರುತ್ತೀರಿ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಬೆಂಗಳೂರಿನ ಪಾರ್ಕಿನ ಪೊದೆಯಲ್ಲಿ, ಮೈಸೂರಿನ ಕಾಂಪೌಂಡ್ ಬೇಲಿಯಲ್ಲಿ "ಚೆಕ್, ಚೆಕ್" ಅಂತ ನಾಲಿಗೆ ಲೊಟ್ಟೆ ಹೊಡೆದ ಹಾಗೆ ಸದ್ದು ಮಾಡುವ, ಎಷ್ಟು ಇಣುಕಿದರೂ ಸರಿಯಾಗಿ ಕಾಣದ ಕಂದು ಹಕ್ಕಿ. ಮೇ ಕೊನೆಯ ಹೊತ್ತಿಗೆ ಎಸ್ಟೋನಿಯಾ ಮುಟ್ಟುತ್ತದೆ. ಇಲ್ಲಿ ಆರು ತಿಂಗಳು "ಚೆಕ್" ಬಿಟ್ಟು ಬೇರೆ ಮಾತಾಡದ್ದು ಅಲ್ಲಿ ರಾತ್ರಿಯಿಡೀ ಹಾಡುತ್ತದೆ, ಬೇರೆ ಹಕ್ಕಿಗಳ ದನಿಯನ್ನೆಲ್ಲ ಅಣಕಿಸುತ್ತದೆ.

ನಮ್ಮ ಮರಗಳ ಮೇಲ್ತುದಿಯಲ್ಲಿ ಚಳಿಗಾಲವಿಡೀ ಚಿಲಿಗುಟ್ಟುವ ಹಸಿರು ಎಲೆ ಉಲಿಯಕ್ಕಿ, ಬಾಲ ಎತ್ತಿ ಎತ್ತಿ ಕುಣಿಸುವ ಕೆಂಪು ಎದೆಯ ನೊಣಹಿಡುಕ, ಇವೂ ಎಸ್ಟೋನಿಯಾದ ಕಾಡಿನಲ್ಲಿ ಗೂಡು ಕಟ್ಟುವ ಜಾತಿಗಳು. ನಿಮ್ಮ ಹಿತ್ತಲಿಗೆ ಬಂದದ್ದು ಅಲ್ಲಿಂದಲೇ ಬಂತು ಅನ್ನಲಾಗದು. ಫಿನ್ಲೆಂಡಿನಿಂದ ಸೈಬೀರಿಯಾದವರೆಗೆ ಎಲ್ಲಿಂದಾದರೂ ಬಂದಿರಬಹುದು.

ಚಳಿಗಾಲದಲ್ಲಿ ಉಳಿದ ಪ್ರಾಣಿಗಳು ಏನು ಮಾಡುತ್ತವೆ?

ಬೆಟ್ಟದ ಮೊಲ ಬಿಳಿ ತುಪ್ಪಳ ಹೊದೆಯುತ್ತದೆ. ಹಿಮ ಬೀಳದ ವರ್ಷ ಅದೇ ಬಿಳಿ ಅದಕ್ಕೆ ಕುತ್ತು. ಬೀವರ್ ಕೊಂಬೆಗಳನ್ನು ನೀರಿನಡಿ ಕೂಡಿಟ್ಟುಕೊಳ್ಳುತ್ತದೆ. ಬಾವಲಿಗಳು ಪಿಯುಸಾ ಅನ್ನುವಲ್ಲಿ ಸೇರುತ್ತವೆ. ಅಲ್ಲಿ ಗಾಜು ಮಾಡಲು ಮರಳು ತೆಗೆದ ಹಳೆಯ ಗಣಿ ಸುರಂಗಗಳಿವೆ, ಸಾವಿರಾರು ಬಾವಲಿಗಳು ತಲೆಕೆಳಗಾಗಿ ನೇತು ಬಿದ್ದು ವಸಂತದವರೆಗೆ ನಿದ್ದೆ ಹೊಡೆಯುತ್ತವೆ.

ಮಗ ಅಲ್ಲಿ ಓದಲು ಹೋಗುತ್ತಿದ್ದಾನೆ. ನಿಜವಾಗಿ ಹೆದರಬೇಕಾದ ಪ್ರಾಣಿ ಯಾವುದು?

ಉಣುಗು. ಕರಡಿ ಅಲ್ಲ, ತೋಳ ಅಲ್ಲ. ಅಲ್ಲಿನ ಉಣುಗುಗಳು ಲೈಮ್ ಕಾಯಿಲೆಯನ್ನೂ ಮೆದುಳು ಜ್ವರವನ್ನೂ ಹರಡುತ್ತವೆ. ಶಿವಮೊಗ್ಗ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಮತ್ತು ಅಲ್ಲಿನ ಮೆದುಳು ಜ್ವರದ ವೈರಸ್ ಒಂದೇ ಕುಟುಂಬದವು. ಉಣುಗಿನಿಂದ ಬರುವ ಈ ಮೆದುಳು ಜ್ವರಕ್ಕೆ (ಟಿಕ್-ಬೋರ್ನ್ ಎನ್ಸೆಫಲೈಟಿಸ್) ಲಸಿಕೆ ಇದೆ, ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಲಿ. ಲೈಮ್‌ಗೆ ಆಂಟಿಬಯಾಟಿಕ್ ಇದೆ. ಬೇಸಿಗೆಯಲ್ಲಿ ಹುಲ್ಲಿನಲ್ಲಿ ಓಡಾಡಿದ ಮೇಲೆ ಮೊಣಕಾಲ ಹಿಂದೆ, ಕಂಕುಳು, ತೊಡೆಸಂದು ನೋಡಿಕೊಳ್ಳಲಿ. ಪ್ಯಾಂಟನ್ನು ಸಾಕ್ಸ್ ಒಳಗೆ ತೂರಿಸಿದರೆ ನೋಡಿದವರು ನಗಬಹುದು, ನಗಲಿ ಬಿಡಿ.

ಪ್ರಾಣಿ ನೋಡಲು ಯಾವಾಗ ಹೋಗಬೇಕು? ಸಫಾರಿ ಇದೆಯಾ?

ನಮ್ಮ ಬಂಡೀಪುರದ ಥರ ಜೀಪು ಸಫಾರಿ ಇಲ್ಲ, ಗೇಟೂ ಇಲ್ಲ. ಕಾಡಿನಲ್ಲಿ ನಡೆದಾಡುವ, ಹಣ್ಣು, ಅಣಬೆ ಕೀಳುವ ಹಕ್ಕು ಎಲ್ಲರಿಗೂ ಇದೆ. ಕರಡಿಗೆ ಅಲುತಗುಸೆಯಲ್ಲಿ ಮರದ ಗುಡಿಸಲಿನೊಳಗೆ ರಾತ್ರಿಯಿಡೀ ಸದ್ದಿಲ್ಲದೆ ಕೂರುವ ವ್ಯವಸ್ಥೆ ಇದೆ. ಮೇ, ಜೂನ್ ಒಳ್ಳೆಯದು, ರಾತ್ರಿ ಪೂರ್ತಿ ಕತ್ತಲಾಗುವುದೇ ಇಲ್ಲ. ಮೂಸ್ ಬೇಕಿದ್ದರೆ ಬೆಳಗಿನ ಜಾವ ಹೊಲದ ಅಂಚು ನೋಡಿ. ಮುಸ್ಸಂಜೆ ಕಾರು ಓಡಿಸುವವರು ನಿಧಾನವಾಗಿ ಓಡಿಸಿ. ಉದ್ದ ಕಾಲಿನ ಆ ಪ್ರಾಣಿಗೆ ಗುದ್ದಿದರೆ ಅದರ ಮೈ ನೇರ ಗಾಜಿನ ಮೇಲೆ ಬೀಳುತ್ತದೆ.

ಅಲ್ಲಿ ಎಲ್ಲವೂ ಚೆನ್ನಾಗಿದೆ ಅನ್ನಿ?

ಅಯ್ಯೋ, ಇಲ್ಲ. ಮರ ಕಡಿಯುವ ಜಗಳ ಅಲ್ಲೂ ಜೋರಾಗಿದೆ. ದಿಮ್ಮಿ, ಮರದ ಉಂಡೆ ಇಂಧನ ದೊಡ್ಡ ವ್ಯಾಪಾರ. ಕಾಡಿನ ವಿಸ್ತೀರ್ಣ ಕಾಗದದ ಮೇಲೆ ಹಾಗೇ ಇದ್ದರೂ ಹಳೆಯ ಮರಗಳು ಹೋಗುತ್ತವೆ. ಹಾರುವ ಅಳಿಲಿಗೆ, ಕರಿ ಕೊಕ್ಕರೆಗೆ ಎಳೆ ಕಾಡಿನಿಂದ ಏನೂ ಉಪಯೋಗವಿಲ್ಲ. 2014ರಲ್ಲಿ ಬಂದ ಆಫ್ರಿಕನ್ ಹಂದಿ ಜ್ವರದಿಂದ ಕಾಡುಹಂದಿಗಳ ಸಂಖ್ಯೆಯೂ ಕುಸಿದುಹೋಗಿತ್ತು.

ಅಲ್ಲಿಗೆ ಹೋಗೋಕೆ ಆಗಲ್ಲ. ಇಲ್ಲೇ ಕೂತು ಏನಾದರೂ ನೋಡಬಹುದಾ?

ಧಾರಾಳವಾಗಿ. ಹದ್ದು, ಕೊಕ್ಕರೆಗಳ ಗೂಡಿಗೆ, ಸೀಲ್‌ಗಳ ದ್ವೀಪಕ್ಕೆ ಕ್ಯಾಮೆರಾ ಇಟ್ಟು ಇಂಟರ್‌ನೆಟ್‌ನಲ್ಲಿ ನೇರವಾಗಿ ತೋರಿಸುವುದು ಎಸ್ಟೋನಿಯಾದವರಿಗೆ ಹಳೆಯ ಚಟ. ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ. ನೀವು ಬೆಳಿಗ್ಗೆ ಕಾಫಿ ಕುಡಿಯುವಾಗ ಅಲ್ಲಿ ಇನ್ನೂ ನಸುಕು, ಆದರೆ ಬೆಳಕಾಗಿರುತ್ತದೆ, ಮರಿಗಳು ಎದ್ದಿರುತ್ತವೆ. ಚಳಿಗಾಲಕ್ಕೆ ಕ್ಯಾಮೆರಾ ಬೇಕಿಲ್ಲ, ಬೇಲಿ ಹತ್ತಿರ ಸುಮ್ನೆ ನಿಂತು "ಚೆಕ್" ಕೇಳಿಸುತ್ತದಾ ನೋಡಿ.